ಪ್ರತಿಕ್ರಿಯೆ: ಸಿನಿಮಾದ ಹದ್ದಿಗೆ ಯಾರ ದನಿ?

ಬಿಳಿ ತಲೆಯ ಅಮೆರಿಕದ ಹದ್ದು, ಅಂದರೆ ಬಾಲ್ಡ್ ಈಗಲ್, ಸಿನಿಮಾಗಳಲ್ಲಿ ಚೀರುವಂತೆಯೇ ನಿಜವಾಗಿಯೂ ಚೀರುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಆ ಎದೆ ಝಲ್ಲೆನಿಸುವ ಕೂಗು ಬಹುತೇಕ ಸಂದರ್ಭಗಳಲ್ಲಿ ಕೆಂಪು ಬಾಲದ ಗಿಡುಗದ್ದು. ಉತ್ತರ ಅಮೆರಿಕದಲ್ಲಿ ತೀರ ಸಾಮಾನ್ಯವಾಗಿ ಕಾಣುವ ಈ ಹಕ್ಕಿಯ ತೂಕ ಸುಮಾರು ಒಂದು ಕಿಲೋ ಅಷ್ಟೇ. ಆದರೆ ಹಾರುತ್ತಲೇ ಅದು ಹೊರಡಿಸುವ ಕೂಗು ಎರಡು ಮೂರು ಸೆಕೆಂಡು ಎಳೆದು, ಕರ್ಕಶವಾಗಿ, ಕೊನೆಗೆ ಇಳಿಯುತ್ತಾ ಹೋಗುತ್ತದೆ.

ಎರಡು ಮೀಟರ್ ಅಗಲ ರೆಕ್ಕೆ ಬಿಚ್ಚುವ ಹದ್ದಿನ ಸ್ವಂತ ದನಿಯೋ ತೆಳುವಾದದ್ದು. ಕೀಚು ಕೀಚು ಎನ್ನುವ ಚಿಕ್ಕ ಚಿಕ್ಕ ಸಿಳ್ಳೆಗಳ ಸರಮಾಲೆ ಅದು. ಗಾಂಭೀರ್ಯ ಬೇಕೆನ್ನುವ ನಿರ್ದೇಶಕರಿಗೆ ಅದು ಸಾಲದು, ಹಾಗಾಗಿ ಗಿಡುಗದ ದನಿಯನ್ನು ಜೋಡಿಸುತ್ತಾರೆ. ನನಗಂತೂ ಇದು ಹದ್ದಿಗೆ ಮಾಡುವ ಅನ್ಯಾಯ ಎನಿಸುತ್ತದೆ. ಜೋಡಿ ಹದ್ದುಗಳು ಗೂಡಿನ ಬಳಿ ಕತ್ತು ಹಿಂದಕ್ಕೆ ಬಾಗಿಸಿ ಪರಸ್ಪರ ಕರೆಯುವಾಗ ಆ ಸಣ್ಣ ದನಿಯೇ ಬಹಳ ಚೆಂದ.

ಇಂಥದೇ ಇನ್ನೊಂದು ಉದಾಹರಣೆ ಕೂಕಬರಾ. ಇದು ಆಸ್ಟ್ರೇಲಿಯಾದ ಹಕ್ಕಿ, ಮಿಂಚುಳ್ಳಿಯ ಬಳಗದ್ದು. ಬೆಳಗಿನ ಜಾವ ಮತ್ತು ಮುಸ್ಸಂಜೆ ಇಡೀ ಕುಟುಂಬ ಒಟ್ಟಾಗಿ ಗಹಗಹಿಸಿ ನಕ್ಕಂತೆ ಕೂಗಿ ತನ್ನ ಗಡಿಯನ್ನು ಸಾರುತ್ತದೆ. ಹಳೆಯ ಹಾಲಿವುಡ್ ಚಿತ್ರಗಳು ಆ ನಗುವನ್ನು ಆಫ್ರಿಕಾದ ಕಾಡಿನ ದೃಶ್ಯಗಳಿಗೂ ಅಂಟಿಸಿದವು.

ಸ್ವತಃ ಹೋಲಿಸಿ ನೋಡಬೇಕೆಂದರೆ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮೆಕಾಲೆ ಸಂಗ್ರಹದಲ್ಲಿ ಮೂರೂ ಹಕ್ಕಿಗಳ ಧ್ವನಿಮುದ್ರಣಗಳಿವೆ. ಮೊದಲು ಗಿಡುಗ, ಆಮೇಲೆ ಹದ್ದು, ಈ ಕ್ರಮದಲ್ಲಿ ಕೇಳಿ.