ವ್ಯಾಯಾಮದ ಬಳಿಕ ಮೂತ್ರ ಕಂದು ಬಣ್ಣಕ್ಕೆ ತಿರುಗಿದೆ. ಪ್ರೋಟೀನ್ ಪುಡಿ ನಿಲ್ಲಿಸಿ ನೀರು ಕುಡಿದರೆ ಸಾಕೇ?

ಪುಡಿಯ ವಿಚಾರವನ್ನು ಬದಿಗಿಡಿ. ಬಹುಕಾಲದ ಬಿಡುವಿನ ನಂತರ ಒಮ್ಮೆಲೇ ಮಾಡಿದ ಕಠಿಣ ವ್ಯಾಯಾಮ, ಊದಿಕೊಂಡ ತೋಳು, ಕಂದು ಮೂತ್ರ: ನೀವು ಬರೆದಿರುವುದೆಲ್ಲವೂ ನನಗೆ ಆಗಿತ್ತು. ಇವತ್ತೇ ಆಸ್ಪತ್ರೆಗೆ ಹೋಗಿ, ಉಳಿದದ್ದನ್ನು ಅಲ್ಲಿ ಕಾಯುವಾಗ ಓದಿಕೊಳ್ಳಿ.

ಮೊದಲ ದಿನದ ನೋವನ್ನು ನಾನು ಸಹಜವೆಂದೇ ಭಾವಿಸಿದ್ದೆ. ಆಮೇಲೆ ಮೊಣಕೈ ನೆಟ್ಟಗಾಗಲಿಲ್ಲ, ತಲೆ ಬಾಚಲು ಕೈ ಮೇಲೇಳಲಿಲ್ಲ, ಅಂಗಿಯ ತೋಳು ಬಿಗಿಯಾಯಿತು. ನೋವಾದರೇ ಸ್ನಾಯು ಬೆಳೆಯುವುದು ಎಂದು ತರಬೇತುದಾರರು ಹೇಳುವ ಮಾತನ್ನು ನಂಬಿ, ಐಬುಪ್ರೊಫೇನ್ ನುಂಗಿ, ನೋವು ತಗ್ಗಿದೊಡನೆ ಮತ್ತೆ ಭಾರ ಎತ್ತಿದೆ. ನನಗೆ ದುಬಾರಿಯಾದದ್ದು ಆ ಮಾತ್ರೆ.

ಅದೇಕೆಂದು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಸ್ನಾಯುಕೋಶಗಳು ಒಡೆದಾಗ ಅವುಗಳೊಳಗಿನ ಪೊಟ್ಯಾಸಿಯಂ ಮತ್ತು ಮೂತ್ರಕ್ಕೆ ಕಂದು ಬಣ್ಣ ಕೊಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೇರುತ್ತವೆ. ಮಯೋಗ್ಲೋಬಿನ್ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಅಲ್ಲಿನ ಪ್ರೋಟೀನಿನೊಡನೆ ಕೂಡಿ ಗಟ್ಟಿಯಾಗಿ ದಾರಿ ಕಟ್ಟುತ್ತದೆ, ನಾಳದ ಗೋಡೆಯ ಕೋಶಗಳನ್ನೂ ಕೆಡಿಸುತ್ತದೆ. ಇತ್ತ ಊದುತ್ತಿರುವ ಸ್ನಾಯು ರಕ್ತದಲ್ಲಿನ ನೀರನ್ನು ತನ್ನೊಳಗೆ ಎಳೆದುಕೊಳ್ಳುವುದರಿಂದ ಮೂತ್ರಪಿಂಡಕ್ಕೆ ಬರುವ ರಕ್ತವೂ ತಗ್ಗುತ್ತದೆ. ಇಂಥ ಹೊತ್ತಿನಲ್ಲಿ ಮೂತ್ರಪಿಂಡವು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ನೆರವಿನಿಂದ ತನಗೆ ರಕ್ತ ತರುವ ನಾಳವನ್ನು ಹಿಗ್ಗಿಸಿಟ್ಟುಕೊಂಡು ಹೇಗೋ ಸುಧಾರಿಸಿಕೊಳ್ಳುತ್ತದೆ. ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳು ತಡೆಯುವುದು ಆ ರಾಸಾಯನಿಕವನ್ನೇ. ಹೀಗೆ, ಎಚ್ಚರಿಸಬೇಕಾಗಿದ್ದ ನೋವನ್ನು ಅಡಗಿಸಿದ ಮಾತ್ರೆಯೇ ಮೂತ್ರಪಿಂಡಕ್ಕಿದ್ದ ಕೊನೆಯ ಆಸರೆಯನ್ನೂ ಕಿತ್ತುಕೊಂಡಿತು.

ಮೂತ್ರ ಹಾಲು ಹಾಕದ ಚಹಾದಂತಾದ ಮೇಲಷ್ಟೇ ನಾನು ಆಸ್ಪತ್ರೆಗೆ ಹೋದದ್ದು. ಪಟ್ಟಿಯನ್ನು ಅದ್ದಿ ಮಾಡುವ ಪರೀಕ್ಷೆಯಲ್ಲಿ ರಕ್ತವಿದೆ ಎಂದು ಬಂತು, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕೆಂಪು ರಕ್ತಕಣಗಳು ಕಾಣಲಿಲ್ಲ. ಆ ಪಟ್ಟಿಗೆ ಹಿಮೋಗ್ಲೋಬಿನ್ ಮತ್ತು ಮಯೋಗ್ಲೋಬಿನ್‌ಗಳ ವ್ಯತ್ಯಾಸ ತಿಳಿಯುವುದಿಲ್ಲವಂತೆ. ವರದಿಯ ಆ ಎರಡು ಸಾಲುಗಳನ್ನು ಓದಿದ ವೈದ್ಯೆ ನನ್ನ ತೋಳನ್ನು ಒತ್ತಿ ನೋಡಿ ಸಿ.ಕೆ. (ಒಡೆದ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಕ್ರಿಯೇಟಿನ್ ಕೈನೇಸ್ ಎಂಬ ಕಿಣ್ವ) ಪರೀಕ್ಷೆ ಬರೆದರು. ಸಾಮಾನ್ಯವಾಗಿ ಸುಮಾರು 200ರೊಳಗೆ ಇರುವ ಈ ಸಂಖ್ಯೆ 5,000 ದಾಟಿದರೆ ಮೂತ್ರಪಿಂಡದ ಅಪಾಯ ಹೆಚ್ಚುತ್ತದೆ. ನನ್ನದು ಅದನ್ನೂ ಬಹಳ ಮೀರಿತ್ತು, ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕ್ರಿಯೇಟಿನಿನ್ ಎಂಬ ತ್ಯಾಜ್ಯ ಕೂಡ ಏರಿತ್ತು. ಗಂಟೆಗೆ 200ರಿಂದ 300 ಮಿಲಿಲೀಟರ್ ಮೂತ್ರ ಬರುವಂತೆ ಸಲೈನ್ ಏರಿಸಿದರು. ಪೊಟ್ಯಾಸಿಯಂ ಹೆಚ್ಚಾದರೆ ಹೃದಯದ ಬಡಿತವೇ ತಪ್ಪಬಹುದಾದ್ದರಿಂದ ಮತ್ತೆ ಮತ್ತೆ ಇಸಿಜಿ ತೆಗೆದರು. ಡಯಾಲಿಸಿಸ್ ಬೇಕಾಗಲಿಲ್ಲ, ಆದರೆ ಕ್ರಿಯೇಟಿನಿನ್ ಇಳಿಯಲು ವಾರಗಳೇ ಹಿಡಿದವು.

ಮನೆಯಲ್ಲೇ ಹೆಚ್ಚು ನೀರು ಕುಡಿದು ಮೂತ್ರ ತಿಳಿಯಾಗುವವರೆಗೆ ಕಾಯುವ ನಿಮ್ಮ ಯೋಚನೆಯನ್ನು ನಾನು ಸುತರಾಂ ಒಪ್ಪುವುದಿಲ್ಲ. ಮಯೋಗ್ಲೋಬಿನ್ ಗಂಟೆಗಳಲ್ಲೇ ರಕ್ತದಿಂದ ಕಡಿಮೆಯಾಗುತ್ತದೆ, ಸಿ.ಕೆ. ಮಾತ್ರ ಒಂದರಿಂದ ಮೂರು ದಿನಗಳವರೆಗೂ ಏರುತ್ತಿರಬಹುದು. ಹಾಗಾಗಿ ಬಣ್ಣ ತಿಳಿಯಾದರೆ ಗಂಡಾಂತರ ಕಳೆಯಿತೆಂದು ಅರ್ಥವಲ್ಲ. ಮೂತ್ರಪಿಂಡ ಆಗಲೇ ಸೋತಿದ್ದರೆ ಕುಡಿದ ನೀರು ಹೊರಹೋಗದೆ ಮೈಯಲ್ಲೇ ನಿಲ್ಲುತ್ತದೆ.

ಸಿ.ಕೆ., ಕ್ರಿಯೇಟಿನಿನ್, ಪೊಟ್ಯಾಸಿಯಂ ಮೂರನ್ನೂ ನೋಡಲು ಕೇಳಿ. ನುಂಗಿದ ಪ್ರತಿಯೊಂದು ಮಾತ್ರೆಯನ್ನೂ, ಅದರಲ್ಲೂ ಕೊಲೆಸ್ಟರಾಲ್‌ಗಾಗಿ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು, ಮರೆಯದೆ ತಿಳಿಸಿ. ತೋಳು ಕಲ್ಲಿನಂತೆ ಬಿಗಿದು ಬೆರಳುಗಳು ಜೋಮು ಹಿಡಿದರೆ ಸರದಿಗಾಗಿ ಕಾಯಬೇಡಿ. ಸ್ನಾಯುವಿನ ಒಳಗಿನ ಒತ್ತಡವನ್ನು ತಕ್ಷಣವೇ ಶಸ್ತ್ರಚಿಕಿತ್ಸೆಯಿಂದ ಇಳಿಸಬೇಕಾಗಬಹುದು.