ಪ್ರತಿಕ್ರಿಯೆ: ಬಾವಿಗೆ ನ್ಯಾನೊ ಪುಡಿ ಹಾಕಬಹುದೇ?

ಕರಾವಳಿಯ ಕುಮಟಾದ ನಿಮ್ಮ ಬಾವಿಗೆ ನ್ಯಾನೊ ಟೈಟಾನಿಯಂ ಪುಡಿ (ಟೈಟಾನಿಯಂ ಡೈಆಕ್ಸೈಡ್‌ನ ಅತಿ ಸಣ್ಣ ಕಣಗಳು) ಹಾಕಿದರೆ ಮಳೆಗಾಲದಲ್ಲೂ ಬ್ಯಾಕ್ಟೀರಿಯಾ ಸಾಯುತ್ತವೆಯೇ ಎಂದು ಕೇಳಿದ್ದೀರಿ. ಹಾಕಬೇಡಿ ಮಾರಾಯ್ರೆ.

ವಿಜ್ಞಾನವೇನೋ ಸುಳ್ಳಲ್ಲ. ಟೈಟಾನಿಯಂ ಡೈಆಕ್ಸೈಡ್ ಮೇಲೆ ನೇರಳಾತೀತ ಬೆಳಕು ಬಿದ್ದರೆ ಎಲೆಕ್ಟ್ರಾನ್ ಜಿಗಿಯುತ್ತದೆ, ಅದು ಬಿಟ್ಟುಹೋದ ಖಾಲಿ ಜಾಗ ನೀರಿನೊಡನೆ ಸೇರಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ, ಸಿಕ್ಕಿದ್ದರ ಜೊತೆ ಥಟ್ಟನೆ ವರ್ತಿಸುವ ಕಣವನ್ನು ಹುಟ್ಟಿಸುತ್ತದೆ. ಬಟ್ಟೆಯ ಬಣ್ಣ, ಕೀಟನಾಶಕಗಳನ್ನು ಒಡೆಯುವುದು, ಬ್ಯಾಕ್ಟೀರಿಯಾದ ಹೊರಪೊರೆ ಹರಿಯುವುದು ಇದೇ. ಕಣ ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು, ಅದಕ್ಕೇ ನ್ಯಾನೊ.

ಆದರೆ ಸಾಮಾನ್ಯವಾಗಿ ಬಳಸುವ ಅನಟೇಸ್ ಎಂಬ ಹರಳಿನ ರೂಪಕ್ಕೆ ಸುಮಾರು 388 ನ್ಯಾನೊಮೀಟರ್‌ಗಿಂತ ಗಿಡ್ಡ ತರಂಗದ ಬೆಳಕೇ, ಅಂದರೆ ನೇರಳಾತೀತವೇ ಬೇಕು. ಒಳ್ಳೆ ಬಿಸಿಲಲ್ಲೂ ಅದರ ಪಾಲು ಶೇ 5ರ ಆಸುಪಾಸು. ಆಷಾಢದ ಮೋಡ, ಚಿರೇಕಲ್ಲಿನ ಆಳ ಬಾವಿ, ಮೇಲಿಂದ ಕೆಂಪು ರಾಡಿ! ಬೆಳಕು ಎಲ್ಲಿಂದ ಬರಬೇಕು? ಕತ್ತಲಲ್ಲಿ ಅದು ಬರೀ ಬಿಳಿ ಪುಡಿ (ಗೋಡೆಯ ಪೇಂಟಿಗೆ ಹಾಕುವುದೂ ಇದನ್ನೇ). ಮೇಲಾಗಿ ಅಷ್ಟು ಸಣ್ಣ ಕಣವನ್ನು ಬಟ್ಟೆಯಲ್ಲಿ ಸೋಸಿ ತೆಗೆಯಲಾಗದು. ಹಾಗಾಗಿಯೇ ಎಷ್ಟೋ ಪ್ರಯೋಗಗಳಲ್ಲಿ ಇದನ್ನು ಗಾಜಿಗೋ ಸೆರಾಮಿಕ್‌ಗೋ ಲೇಪಿಸಿ, ತಿಳಿನೀರು ಹರಿಸಿ, ನೇರಳಾತೀತ (ಯುವಿ) ದೀಪ ಹಚ್ಚುತ್ತಾರೆ.

ಇನ್ನು ಕರಾವಳಿ ಬಾವಿಗಳಲ್ಲಿ ಬೇಸಿಗೆಗೆ ಬರುವ ಉಪ್ಪುನೀರಿಗಂತೂ ಇದು ಏನೂ ಮಾಡುವುದಿಲ್ಲ. ಸದ್ಯಕ್ಕೆ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ ಅಳತೆಗೆ ಸರಿಯಾಗಿ ಬ್ಲೀಚಿಂಗ್ ಪೌಡರ್ ಹಾಕಿಸಿ, ಕುಡಿಯುವ ನೀರನ್ನು ಮಳ್ಳಿಸಿಯೇ ಕುಡಿಯಿರಿ.