ಕೆನಡಾದ ಸಣ್ಣ ಫ್ರೆಂಚ್ ಊರುಗಳಲ್ಲಿ ಕೇಬಲ್ ನಡೆಸಲು ಲೈಸೆನ್ಸ್ ಬೇಕಾ?

ನೀವು ಕೇಳಿದ್ದು ಎರಡು ವಿಷಯ. ಕೆನಡಾದ ಸಣ್ಣ ಊರಿನ ಕೇಬಲ್‌ನವರಿಗೂ ಲೈಸೆನ್ಸ್ ಬೇಕಾ? ಬೇಡ ಅಂದರೆ ಅಲ್ಲಿನ ಫ್ರೆಂಚ್ ಜನಕ್ಕೆ ಅವರ ಭಾಷೆಯ ಚಾನೆಲ್ ಕೊಡಿಸುವವರು ಯಾರು? ಮೊದಲನೆಯದು ಸುಲಭ, ಈಗ ಹೆಚ್ಚಿನವರಿಗೆ ಬೇಡ. ಎರಡನೆಯದರಲ್ಲೇ ಇರೋದು ಮಜಾ.

ಅಲ್ಲಿ ರೇಡಿಯೋ, ಟಿವಿ, ಕೇಬಲ್ ಎಲ್ಲ ಸಿಆರ್‌ಟಿಸಿ ಅನ್ನುವ ಆಯೋಗದ ಕೈಯಲ್ಲಿದೆ, 1968ರಿಂದ. ಮೊದಲು ಪುಟ್ಟ ಹಳ್ಳಿಯ ಕೇಬಲ್‌ಗೂ ಲೈಸೆನ್ಸ್ ಬೇಕಿತ್ತು. ಅರ್ಜಿ, ನವೀಕರಣ, ಜನರ ಆಕ್ಷೇಪಣೆ, ಎಲ್ಲ ಇತ್ತು. ನಮ್ಮಲ್ಲಿ ಕೇಬಲ್‌ನವರು ಪೋಸ್ಟ್ ಆಫೀಸಿನಲ್ಲಿ ಹೆಸರು ಬರೆಸಿ ಕೆಲಸ ಶುರು ಮಾಡುತ್ತಿದ್ದ ಕಾಲದಲ್ಲಿ ಅಲ್ಲಿ ಇಷ್ಟೊಂದು ಕಾಗದಪತ್ರ! 1997ರಲ್ಲಿ ಮನೆ ಮೇಲಿನ ಸಣ್ಣ ಡಿಶ್ ಬಂದ ಮೇಲೆ ಸಣ್ಣ ಕೇಬಲ್‌ನವರು ಉಳಿಯುವುದೇ ಕಷ್ಟವಾಯಿತು. ಹಾಗಾಗಿ 2001ರ ಡಿಸೆಂಬರ್‌ನಲ್ಲಿ 2,000ಕ್ಕಿಂತ ಕಡಿಮೆ ಚಂದಾದಾರರಿದ್ದವರಿಗೆ ಆಯೋಗ ವಿನಾಯಿತಿ ಕೊಟ್ಟಿತು, 2009ರಲ್ಲಿ ಆ ಮಿತಿಯನ್ನು 20,000ಕ್ಕೆ ಏರಿಸಿತು.

ಆದರೆ ವಿನಾಯಿತಿ ಅಂದರೆ ಇಷ್ಟ ಬಂದ ಹಾಗೆ ನಡೆಸಬಹುದು ಅಂತಲ್ಲ. ಸ್ಥಳೀಯ ಚಾನೆಲ್‌ಗಳನ್ನು ಬೇಸಿಕ್ ಪ್ಯಾಕ್‌ನಲ್ಲೇ ಕೊಡಬೇಕು, ಕೆನಡಾದ ಚಾನೆಲ್‌ಗಳೇ ಜಾಸ್ತಿ ಇರಬೇಕು, ಹೀಗೆ ಷರತ್ತುಗಳಿವೆ. ಭಾಷೆಯ ವಿಷಯಕ್ಕೆ ಬಂದರೆ ಎಲ್ಲ ನಿಂತಿರುವುದು ಒಂದು ಲೆಕ್ಕದ ಮೇಲೆ. ಆ ಕೇಬಲ್ ವ್ಯಾಪ್ತಿಯ ಊರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮಾತೃಭಾಷೆ ಫ್ರೆಂಚ್ ಆಗಿದ್ದರೆ ಅದು ಫ್ರೆಂಚ್ ಮಾರುಕಟ್ಟೆ, ಇಲ್ಲವಾದರೆ ಇಂಗ್ಲಿಷ್ ಮಾರುಕಟ್ಟೆ. ಯಾವ ಪ್ರಾಂತ್ಯ ಅನ್ನುವುದು ಇಲ್ಲಿ ಮುಖ್ಯವಲ್ಲ. ಆಂಟಾರಿಯೊ ಇಂಗ್ಲಿಷ್ ಪ್ರಾಂತ್ಯವೇ ಆದರೂ ಅದರ ಉತ್ತರದ ಹರ್ಸ್ಟ್ ಎಂಬ ಪುಟ್ಟ ಪಟ್ಟಣದ ತುಂಬ ಫ್ರೆಂಚ್ ಮಾತಾಡುವವರೇ, ಅಲ್ಲಿ ಈ ಲೆಕ್ಕ ಅವರ ಪರವಾಗಿದೆ. ಅದೇ ಮ್ಯಾನಿಟೋಬಾದ ಸೇಂಟ್ ಬೋನಿಫೇಸ್ ನೋಡಿ, ಹಳೇ ಫ್ರೆಂಚ್ ಊರು, 1972ರಲ್ಲಿ ವಿನಿಪೆಗ್ ನಗರದೊಳಗೆ ಸೇರಿಹೋಯಿತು, ಈಗ ಇಡೀ ನಗರವನ್ನು ಲೆಕ್ಕ ಹಾಕಿದರೆ ಅಲ್ಲಿನ ಫ್ರೆಂಚ್ ಜನ ಎಣಿಕೆಗೇ ಸಿಗುವುದಿಲ್ಲ.

ಇಂಥವರಿಗಾಗಿಯೇ 2001ರಲ್ಲಿ ಆಯೋಗ ಒಂದು ನೀತಿ ತಂದಿತು: ಇಂಗ್ಲಿಷ್ ಪ್ರದೇಶದಲ್ಲಿ 10 ಇಂಗ್ಲಿಷ್ ಚಾನೆಲ್‌ಗೆ ಕನಿಷ್ಠ 1 ಫ್ರೆಂಚ್ ಚಾನೆಲ್. ಅದಕ್ಕೂ ಮುಂಚೆ, 1998ರಲ್ಲೇ, ಮಾಂಟ್ರಿಯಲ್‌ನ ಟಿವಿಎ ಎಂಬ ಫ್ರೆಂಚ್ ಚಾನೆಲ್ ದೇಶದಾದ್ಯಂತ ಸಿಗಬೇಕು ಅಂತ ಹೇಳಿತ್ತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಹತ್ತಕ್ಕೊಂದು ಲೆಕ್ಕದಲ್ಲಿ ಸಿಗುವುದು ಬಹಳಷ್ಟು ಮಾಂಟ್ರಿಯಲ್ ಕಾರ್ಯಕ್ರಮ. ದೂರದ ಪೂರ್ವ ಕರಾವಳಿಯ ಫ್ರೆಂಚ್ ಜನ, ಅಂದರೆ ಅಕೇಡಿಯನ್ ಮೀನುಗಾರರ ಊರಿನ ಸುದ್ದಿ ಅದರಲ್ಲಿ ಎಷ್ಟು ಬರುತ್ತದೆ ಹೇಳಿ?

ಸಣ್ಣ ಕೇಬಲ್‌ನವರಿಗೆ ವಿನಾಯಿತಿ ಕೊಟ್ಟಿದ್ದು ಸರಿಯೇ, ಇಲ್ಲದಿದ್ದರೆ ಎಷ್ಟೋ ಮಂದಿ ಅಂಗಡಿ ಮುಚ್ಚುತ್ತಿದ್ದರು. ನನ್ನ ತಕರಾರು ಬೇರೆ. ಲೈಸೆನ್ಸ್ ನವೀಕರಣದ ಹೊತ್ತಿಗೆ ಊರಿನವರು ಪತ್ರ ಬರೆದು ‘ನಮಗೆ ಈ ಚಾನೆಲ್ ಬೇಕು, ಸ್ಥಳೀಯ ಕಾರ್ಯಕ್ರಮ ಬೇಕು’ ಅಂತ ಕೇಳಬಹುದಿತ್ತು. ಲೈಸೆನ್ಸೇ ಇಲ್ಲ ಅಂದಮೇಲೆ ನವೀಕರಣ ಎಲ್ಲಿಂದ ಬರಬೇಕು? ಈಗ ಏನಾದರೂ ತಪ್ಪಾದ ಮೇಲೆ ದೂರು ಕೊಡಬೇಕು, ಅಷ್ಟೇ. ಮೊದಲು ಕೇಬಲ್‌ನವರಿಗೆ ಬರೆಯಿರಿ, ಅವರು ಜಗ್ಗದಿದ್ದರೆ ಸಿಆರ್‌ಟಿಸಿಗೆ. ಫ್ರೆಂಚ್‌ನಲ್ಲೇ ಬರೆಯಬಹುದು, ಉತ್ತರವೂ ಫ್ರೆಂಚ್‌ನಲ್ಲೇ ಬರುತ್ತದೆ.